ಮಹಡಿ ಕೋಣೆಯ ಮೂರು ದಿನ

ಪದ್ಮನಾಭನಗರ
ಗುರುವಾರ ಬೆಳಿಗ್ಗೆ

ಅತ್ತೆಯವರಿಗೆ, ಮಹಡಿ ಕೋಣೆಯಿಂದ ನಿಮ್ಮ ಸೊಸೆಯ ನಮಸ್ಕಾರಗಳು.

ನೀವು ಮಡಿಯಲ್ಲಿದ್ದೀರಿ, ಮೇಲೆ ಬರುವ ಹಾಗಿಲ್ಲ. ಫೋನಿಗೆ ಬರೆದರೆ ನಿಮಗೆ ಓದಿ ಹೇಳುವವರು ನಿಮ್ಮ ಮಗ. ಅದಕ್ಕೇ ಕೆಲಸದ ರತ್ನಮ್ಮನ ಕೈಯಲ್ಲಿ ಈ ಕಾಗದ.

ನಾಳೆ ವರಮಹಾಲಕ್ಷ್ಮಿಗೆ ನಾನು ಸೀರೆ ಉಡಿಸಲಾರೆ. ಇವತ್ತು ಹೊರಗಾಗಿದ್ದೇನೆ. ಈ ಸಲ ನಿಜವಾಗಿ.

ಕಳೆದ ಆರು ತಿಂಗಳು ನಾನು ಇಲ್ಲಿ ಬಂದು ಕೂತದ್ದೆಲ್ಲ ಸುಳ್ಳು. ಮುಟ್ಟು ನಿಂತೇ ಹೋಗಿತ್ತು. ಗೊತ್ತಾದರೆ ನೀವು ಸಿಹಿಸುದ್ದಿ ಎಂದುಕೊಳ್ಳುತ್ತೀರೆಂದು ಹೆದರಿ, ಕ್ಯಾಲೆಂಡರ್ ನೋಡಿಕೊಂಡು ತಿಂಗಳಿಗೆ ಮೂರು ದಿನ ಮೇಲೆ ಬರುತ್ತಿದ್ದೆ. ಜಯನಗರದ ಆಯುರ್ವೇದ ವೈದ್ಯರು ಸ್ಕ್ಯಾನ್ ನೋಡಿ, "ಹಾರ್ಮೋನ್ ಏರುಪೇರಾಗಿದೆಯಮ್ಮ. ಬರೀ ಕಷಾಯ ಕುಡಿದ್ರೆ ಆಗಲ್ಲ, ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಮಾಡ್ಬೇಕು" ಅಂದಿದ್ದರು. ಆ ಕಷಾಯವನ್ನೇ ನಾನು ಅಸಿಡಿಟಿಗೆ ಎಂದು ನಿಮಗೆ ಹೇಳಿದ್ದು. ದಿನಾ ಕಾಯಿಸಿಕೊಟ್ಟವರು ನೀವು.

ಬೈಯುವುದಿದ್ದರೆ ಹಬ್ಬ ಕಳೆದ ಮೇಲೆ ಬೈಯಿರಿ. ದೇವಿಯ ಸೀರೆಗೆ ನಿನ್ನೆಯೇ ನೆರಿಗೆ ಹಿಡಿದು ಪಿನ್ ಹಾಕಿ ಬೀರುವಿನಲ್ಲಿಟ್ಟಿದ್ದೇನೆ. ಈ ದಿನಗಳಲ್ಲಿ ಕಷಾಯ ಬೇಡವಂತೆ, ಕಾಯಿಸಬೇಡಿ.

ಇನ್ನೊಂದು ವಿಷಯ. ಎರಡು ತಿಂಗಳಿಂದ ಕಷಾಯದ ಲೋಟದ ಪಕ್ಕ ದಿನಾ ಒಂದು ಎಳ್ಳುಂಡೆ ಇರುತ್ತಿತ್ತು. ನಾನೂ ಸುಮ್ಮನೆ ತಿನ್ನುತ್ತಿದ್ದೆ. ಮುಟ್ಟು ತಡವಾದ ಹುಡುಗಿಯರಿಗೆ ನಮ್ಮಜ್ಜಿ ಎಳ್ಳು ಬೆಲ್ಲ ಕೊಡುತ್ತಿದ್ದುದು ಇವತ್ತು ನೆನಪಾಯಿತು. ಅಸಿಡಿಟಿಗೆ ಅದನ್ನು ಯಾರೂ ಕೊಡುವುದಿಲ್ಲ.

ಡಬ್ಬಿಯಲ್ಲಿ ಉಳಿದಿದ್ದರೆ ರತ್ನಮ್ಮನ ಕೈಯಲ್ಲಿ ಇವತ್ತೂ ಒಂದು ಕಳಿಸಿ.

ಇಂತಿ ನಿಮ್ಮ
ವೈಜಯಂತಿ