ಅಳತೆಗೆ ನಿಂತವಳು

12 ಜನವರಿ 2003, ಭಾನುವಾರ, ಸಟನ್

ಸುನಂದಾಳ ಐವತ್ತನೇ ಹುಟ್ಟುಹಬ್ಬಕ್ಕೆ ಮಗಳು ಮಾನ್ಯಾಗೆ ಅಮ್ಮನ ಹಳೇ ಫೋಟೋ ಬೇಕಂತೆ. ಸಂಜೆ ಯೂಟಾ ಮರುಭೂಮಿಯ ಸ್ಲೈಡುಗಳನ್ನೆಲ್ಲ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿಟ್ಟೆ. ಕೆಂಪು ಕಣಿವೆ, ಬಂಡೆಯಂಚಿಗೆ ಹಿಮ, ಚಳಿಗಾಲದ ಓರೆ ಬಿಸಿಲು. ತೊಂಬತ್ತನಾಲ್ಕರ ಪ್ರವಾಸದ ಆ ಬೆಳಕು ಇನ್ನೆಲ್ಲಿ ಬರಬೇಕು! ಸುನಂದಾ ಮಾತ್ರ ಎಲ್ಲದರಲ್ಲೂ ಹಳದಿ ಸ್ವೆಟರಿನ ಒಂದು ಚುಕ್ಕೆ. ಬಂಡೆಯ ಎತ್ತರ ತಿಳಿಯಲೆಂದು ನಾನೇ ಅಷ್ಟು ದೂರ ನಿಲ್ಲಿಸುತ್ತಿದ್ದೆ.

"ಡ್ಯಾಡ್, ವೇರ್ ಈಸ್ ಹರ್ ಫೇಸ್?" ಎಂದಳು ಮಾನ್ಯಾ.

"ನಿಮ್ಮಪ್ಪಂಗೆ ನಾನು ಅಳತೆಕೋಲು ಕಣೇ," ಎಂದಳು ಸುನಂದಾ.

ಒಂದರಲ್ಲಿ ಚುಕ್ಕೆ ಕೈಯೆತ್ತಿತ್ತು. "ನೋಡು, ಖುಷಿಯಿಂದ ಕೈ ಬೀಸ್ತಿದೀಯ," ಎಂದೆ.

"ಖುಷಿನೂ ಇಲ್ಲ, ಮಣ್ಣೂ ಇಲ್ಲ. ಚಳಿ ಕಣ್ರೀ, ಹತ್ರ ಬನ್ನಿ ಅಂತ ಕೂಗ್ತಿದ್ದೆ."

ಕ್ಯಾಮೆರಾ ತಂದು ಮೂಗಿಗೆ ತಾಗುವಷ್ಟು ಹತ್ತಿರ ಹೋದೆ. ಅವಳು ನಕ್ಕಳು, ನಾನು ಬಟನ್ ಒತ್ತಿದೆ. ಫೋಕಸ್ ಆಯಿತೋ ಇಲ್ಲವೋ, ರೀಲು ತೊಳೆಸಿದ ಮೇಲೆಯೇ...