ಈಜುಕೊಳದಿಂದ ಒಂದು ಲೋಟ

ಕಿಗಾಲಿ, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮ ಇಂದು ವಿಧಿವತ್ತಾಗಿ ಕಳ್ಳನಾದ. ತೊಂಬತ್ತನಾಲ್ಕರ ನರಮೇಧದಲ್ಲಿ ನಮ್ಮನ್ನು ಅಡಗಿಸಿ ಉಳಿಸಿದ ಹೋಟೆಲಿನ ಈಜುಕೊಳದಿಂದ ಒಂದು ಲೋಟ ನೀರು ಕದ್ದೆ. ಆಗ ನಲ್ಲಿಯಲ್ಲಿ ನೀರು ನಿಂತುಹೋಗಿ ಎಲ್ಲರೂ ಕುಡಿದದ್ದು ಅದನ್ನೇ ತಾನೆ. ಕೊಳವೀಗ ಕೊಳಕಾಗಿಲ್ಲ, ಪ್ರವಾಸಿಗಳು ತೇಲುತ್ತಿದ್ದಾರೆ. ಕೊಡುವವನೇ ಮೊದಲ ಗುಟುಕು ಕುಡಿಯಬೇಕೆಂಬ ನಮ್ಮ ಪದ್ಧತಿಯಂತೆ ನಾನು ಕುಡಿದು ಅಮ್ಮನಿಗೆ ಕೊಟ್ಟೆ.

ಅವಳು ಬಾಯಲ್ಲಾಡಿಸಿ ಉಗಿದಳು. "ಥೂ, ಆಗ ಇದಕ್ಕಿಂತ ರುಚಿಯಾಗಿತ್ತು ಕಣೋ. ನಿಮ್ಮಪ್ಪನೂ ಹೀಗೇ ಮೊದಲು ಕುಡಿದು ಕೊಡ್ತಿದ್ರು, ಮದುವೆ ಮನೇಲಿ ಬಾಳೆಹಣ್ಣಿನ ಬಿಯರ್ ಹಂಚೋರ ಹಾಗೆ" ಎಂದು ನಕ್ಕಳು. ಅಪ್ಪ ತೀರಿಕೊಂಡ ಮೇಲೆ ಅವರ ಹೆಸರೆತ್ತಿ ಅವಳು ನಕ್ಕದ್ದನ್ನು ನಾನು ಕಂಡದ್ದು ಇದೇ ಮೊದಲು.

ಅವಳ ಮೊಣಕಾಲು ನೋವು ಕಡಿಮೆಯಾಗಿದೆ. ನನಗೆ ಮಾತ್ರ ಕ್ಲೋರಿನ್ ತೇಗು.

"ಅಮ್ಮನ್ನ ಆ ಗೇಟು ದಾಟಿಸೋಕೆ ನಿನ್ನ ಕೈಲಾಗಲ್ಲ" ಎಂದಿದ್ದೆಯಲ್ಲ? ಮೂವತ್ತು ವರ್ಷ ಆ ರಸ್ತೆಗೇ ಬಾರದವಳನ್ನು ಕೊಳದ ದಂಡೆಯಲ್ಲೇ ಕೂರಿಸಿದ್ದೇನೆ, ಸೋಲೊಪ್ಪಿಕೋ.

ಅಮ್ಮ ಬಗ್ಗಿ ಇದನ್ನು ಓದುತ್ತಿದ್ದಾಳೆ. ನಿಜ ಬರೆಯಬೇಕಂತೆ. ಗೇಟಿನಲ್ಲಿ ಕಾಲು ಬಾರದೆ ನಿಂತವನು ನಾನು. ಒಳಗೆ ಹೋಗಿದ್ದ ಅವಳೇ ತಿರುಗಿ ಬಂದು, ಕಾವಲುಗಾರನೆದುರೇ, ತಲೆ ನರೆತ ಮೇಷ್ಟ್ರಾದ ನನ್ನನ್ನು ಕೈಹಿಡಿದು ಕರೆದುಕೊಂಡು ಹೋದಳು.

ನಿನ್ನ ತಮ್ಮ,
ಕರೇಕೇಜಿ