ಅಜ್ಜನ ಮಣ್ಣಿನ ದಿನ ಬಡಿಸಿದ ಹ್ಯಾಮ್

ಹೆಕಲ್‌ತೋರ್ಪ್, ಯಾರ್ಕ್‌ಶೈರ್
ಶುಕ್ರವಾರ, 9 ನವೆಂಬರ್ 2001

ನನ್ನ ಮಗಳು ಲಿನೆಟ್‌ಗೆ,

ಹೇಗಿದ್ದೀಯ? ಆ ಕೆಮ್ಮು ಹೋಯಿತೋ ಇಲ್ಲವೋ? ಲಂಡನ್ನಿನಲ್ಲಿ ಹೊತ್ತಿಗೆ ಸರಿಯಾಗಿ ಕೂತು ತಿನ್ನುತ್ತೀಯೋ, ಇಲ್ಲಾ ನಿಂತಲ್ಲೇ ಏನಾದರೂ ಬಾಯಿಗೆ ಹಾಕಿಕೊಂಡು ಓಡುತ್ತೀಯೋ? ನನ್ನ ಎದೆಯಲ್ಲಿ ಅದೇ ಕಲ್ಲಿದ್ದಲು ಗಣಿಯ ಧೂಳು, ಹೊಸದೇನಿಲ್ಲ. ಮೆಟ್ಟಿಲು ಹತ್ತಬೇಡಿ ಎಂದರು ಡಾಕ್ಟರು. "ಹಾಸಿಗೆ ಮಹಡಿ ಮೇಲಿದೆ, ನೀವು ನನ್ನ ಹೊತ್ಕೊಂಡು ಹೋಗ್ತೀರಾ?" ಎಂದು ಕೇಳಿದೆ.

ನೀನು ಬರೆದ ಸಿನಿಮಾ ಕಥೆಯ ಕಟ್ಟು ತಲುಪಿತು. ಅಜ್ಜನನ್ನು ಮಣ್ಣು ಮಾಡಿದ ದಿನದ ಊಟದ ಭಾಗವನ್ನು ಮುಂದಿನ ಗುರುವಾರ ನಮ್ಮ ಬೀದಿಯಲ್ಲೇ ತೆಗೆಯುತ್ತಾರೆ, ಬೇಡವೆಂದರೆ ಹರಿದು ಹಾಕುತ್ತೇನೆ ಅಪ್ಪಾ, ಆದರೆ ಸೋಮವಾರದೊಳಗೆ ಹೇಳು ಎಂದು ಬರೆದಿದ್ದೀಯ. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಗಣಿಗೆ ಇಳಿದವನ ಕೈಗೆ ನೂರಿಪ್ಪತ್ತು ಪುಟ ಕೊಟ್ಟರೆ ಹನ್ನೊಂದು ದಿನ ಬೇಕೇ ಬೇಕು. ಅದಕ್ಕೇ ತಡ.

ಓದಿ ನಕ್ಕೆ, ಸುಳ್ಳು ಹೇಳುವುದಿಲ್ಲ. ಬಡವರನ್ನು ಇಟ್ಟುಕೊಂಡು ನಗೆ ಸಿನಿಮಾ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆಂದು ನಿನಗೆ ಗೊತ್ತು. ಗಣಿ ನಡೆಯುತ್ತಿದ್ದಾಗ ಒಬ್ಬನೂ ಈ ಕಡೆ ತಲೆ ಹಾಕಲಿಲ್ಲ; ಮುಚ್ಚಿದ ಮೇಲೆ ಕ್ಯಾಮೆರಾ ಹೊತ್ತು ಬರುತ್ತಾರೆ. ಹೋದ ವಾರ ನಿನ್ನ ಡೈರೆಕ್ಟರ್ ಪಕ್ಕದ ಮನೆ ಡೋರೀನಳ ಅಡುಗೆಮನೆ ನೋಡಲು ಬಂದಿದ್ದ. "ಇಷ್ಟು ಚೊಕ್ಕಟವಾಗಿದ್ರೆ ಬಡವರ ಮನೆ ಅಂತ ಯಾರು ನಂಬ್ತಾರೆ?" ಎಂದನಂತೆ. ಅವಳು ಬಿಡುತ್ತಾಳೆಯೇ? "ಗಲೀಜು ಬೇಕಿದ್ರೆ ನೀನೇ ಮಾಡ್ಕೊ ಕಂದಾ, ಅದಕ್ಕೆಲ್ಲ ನನ್ ಹತ್ರ ಆಳಿಲ್ಲ" ಎಂದು ಕಸದ ಬುಟ್ಟಿಯನ್ನೇ ಅವನ ಕೈಗೆ ಕೊಟ್ಟಳಂತೆ. ಇದನ್ನು ಹಾಕು ಸಿನಿಮಾಕ್ಕೆ, ಧೈರ್ಯವಿದ್ದರೆ.

ಇನ್ನು ಆ ಊಟ. ಹ್ಯಾಮ್ ಬಡಿಸದೆ ಮಣ್ಣು ಮಾಡಿದರೆ ಸತ್ತವನಿಗೆ ಮರ್ಯಾದೆಯಿಲ್ಲ ಎಂಬುದು ನಮ್ಮ ಕಡೆಯ ಮಾತು. ಒಳ್ಳೆಯ ಹಂದಿ ತೊಡೆ, ಬೇಯಿಸಿ ತಣಿಸಿ ತೆಳ್ಳಗೆ ಕೊಯ್ದದ್ದು. ನನ್ನಪ್ಪ ತೀರಿಕೊಂಡದ್ದು ಎಂಬತ್ತನಾಲ್ಕರ ಗಣಿ ಮುಷ್ಕರದ ಹತ್ತನೆಯ ತಿಂಗಳಲ್ಲಿ, ಯಾರಿಗೂ ಸಂಬಳವಿಲ್ಲದಾಗ. ಮನೆಯಲ್ಲಿ ಇದ್ದದ್ದು ಕಾರ್ಮಿಕರ ಕ್ಲಬ್ಬಿನಲ್ಲಿ ಹಂಚಿದ ಡಬ್ಬದ ಮಾಂಸ. ನಿನ್ನಮ್ಮ ಅದನ್ನೇ ಎಲೆಯಷ್ಟು ತೆಳ್ಳಗೆ ಕೊಯ್ದು, ಅಂಚಿಗೆ ಸಾಸಿವೆ ಸವರಿ, ಮದುವೆಯಲ್ಲಿ ಬಂದ ತಟ್ಟೆಯಲ್ಲಿ ಜೋಡಿಸಿದಳು. ನಿನಗಾಗ ಹತ್ತು ವರ್ಷ. ಇಷ್ಟನ್ನೂ ಸರಿಯಾಗಿ ನೆನಪಿಟ್ಟಿದ್ದೀಯ. ಆದರೆ ಬಂದವರು ಬಾಗಿಲ ಮರೆಯಲ್ಲಿ ಮುಸಿಮುಸಿ ನಕ್ಕರು ಎಂದು ಬರೆದಿದ್ದೀಯಲ್ಲ, ಅದು ಹಸಿ ಸುಳ್ಳು. ಎಲ್ಲರ ಮನೆಯಲ್ಲೂ ಅದೇ ಡಬ್ಬ, ಅದರ ಮೇಲೆ ಅದೇ ನೀಲಿ ಚೀಟಿ. ಯಾರು ಯಾರ ಕಣ್ಣಿಗೆ ಮಣ್ಣೆರಚುವುದು? "ಹ್ಯಾಮ್ ಬಲು ಚೆನ್ನಾಗಿದೆ ಮ್ಯಾವಿಸ್" ಎನ್ನುತ್ತ ಒಬ್ಬೊಬ್ಬರೂ ಎರಡೆರಡು ಸಲ ಹಾಕಿಸಿಕೊಂಡರು. ಹಸಿವಿಗಲ್ಲ, ನಿನ್ನಮ್ಮನ ಮರ್ಯಾದೆಗೆ. ಹಸಿವಿಗೂ ಇರಬಹುದು. ಆ ಮುಸಿಮುಸಿ ತೆಗೆದು ಹಾಕು.

ನಿನ್ನ ಕಥೆಯಲ್ಲಿ ಆಮೇಲೆ ಎಲ್ಲರೂ ತಟ್ಟೆ ನೋಡುತ್ತಿರುವಾಗ ನಾನು ಎದ್ದು ನಿಲ್ಲುತ್ತೇನೆ. "ಯಾಕೆ ನೋಡ್ತೀಯ ಡೋರೀನ್? ಹಂದಿ ಮುಷ್ಕರಕ್ಕೆ ಕೂತಿದೆ. ಇವನು ಡಬ್ಬದೊಳಗೆ ಬಚ್ಚಿಟ್ಕೊಂಡು ಕೆಲ್ಸಕ್ಕೆ ಬಂದ ಮುಷ್ಕರ ಮುರುಕ. ಬಿಡಬೇಡ, ಕಚ್ಚು!" ಎನ್ನುತ್ತೇನೆ. ಮನೆಯೆಲ್ಲ ಬಿದ್ದು ಬಿದ್ದು ನಗುತ್ತದೆ. ಇಡೀ ಸಿನಿಮಾ ಈ ಮಾತಿನ ಮೇಲೆ ನಿಂತಿದೆ ಎಂದು ಬರೆದಿದ್ದೀಯ. ಕ್ಲಬ್ಬಿನ ಹುಡುಗರೂ ಹಾಗೇ ಹೇಳುತ್ತಾರೆ. ಆ ಮಾತಿಗಾಗಿ ನನ್ನ ಬೆನ್ನು ತಟ್ಟದ ಶನಿವಾರವಿಲ್ಲ. ಹೂಂ ಎನ್ನಲೋ ಊಹೂಂ ಎನ್ನಲೋ ಎಂದು ಯೋಚಿಸುತ್ತ ಕೂತಿದ್ದೇನೆ.

ಚಳಿ ಶುರುವಾಗಿದೆ, ಕುತ್ತಿಗೆಗೆ ಏನಾದರೂ ಸುತ್ತಿಕೊಂಡು ಹೊರಗೆ ಹೋಗು. ಡೋರೀನ್ ನಿನ್ನನ್ನು ಕೇಳಿದಳು. ನಿನಗೆ ಒಳ್ಳೆಯದೇ ಆಗಲಿ, ಎಲ್ಲಿದ್ದರೂ ಹೊಟ್ಟೆ ತುಂಬ ಉಣ್ಣು.

ನಿನ್ನ ಅಪ್ಪ,
ಹೆರಾಲ್ಡ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಇನ್ನು ಕಾಲು ಗಂಟೆಗೆ ಟಪಾಲಿನವನು ಬರುತ್ತಾನೆ. ಆ ಹಂದಿಯ ಮಾತು ಹುಟ್ಟಿದಾಗ ನಾನು ಒಳಗೇ ಇರಲಿಲ್ಲ. ಹೆತ್ತ ಅಪ್ಪನಿಗೆ ಒಂದು ಹ್ಯಾಮ್ ಬಡಿಸಲಾಗಲಿಲ್ಲವೆಂದು ಊಟದ ನಡುವೆ ಎದ್ದು ಹಿತ್ತಲಿನ ಕಲ್ಲಿದ್ದಲ ಕೊಟ್ಟಿಗೆಗೆ ಹೋಗಿ ಕದ ಹಾಕಿಕೊಂಡಿದ್ದೆ. ಗಣಿಯವನ ಕೊಟ್ಟಿಗೆಯಲ್ಲಿ ಒಂದು ಹಿಡಿ ಕಲ್ಲಿದ್ದಲೂ ಇರಲಿಲ್ಲ. ಜನ ಹೋಗುವ ತನಕ ಅಲ್ಲೇ ಇದ್ದೆ. ಮಹಡಿಯಲ್ಲಿದ್ದ ನಿನಗೆ ಕೇಳಿಸಿದ ಹಾಗೆ ನನಗೂ ನಗು ಮಾತ್ರ ಕೇಳಿಸಿತು. ಹೇಳಿದವಳು ನಿನ್ನಮ್ಮ. ಎಲ್ಲರೂ ಯಾಕೆ ನಕ್ಕರು ಎಂದು ಮರುದಿನ ನೀನು ಕೇಳಿದೆ. ಅವಳಿಂದ ಕೇಳಿದ್ದನ್ನು ನಾನೇ ಹೇಳಿದ್ದೆಂದು ನಿನಗೆ ಹೇಳಿಬಿಟ್ಟೆ. ಅವಳು ಒಲೆಯ ಮುಂದಿದ್ದಳು, ಕೇಳಿಸಿಕೊಂಡಳು, ತಿರುಗಿ ಕೂಡ ನೋಡಲಿಲ್ಲ. ಸಾಯುವ ತನಕ ಬಾಯಿ ಬಿಡಲಿಲ್ಲ. ಅಲ್ಲಿದ್ದವರೂ ಅಷ್ಟೆ. ಗುರುವಾರ ತೆಗೆಯಿರಿ. ಆ ಮಾತು ಅವಳ ಬಾಯಿಗೆ ಕೊಡು. ನನ್ನ ಪಾತ್ರದವನನ್ನು ಕೊಟ್ಟಿಗೆಗೆ ಕಳಿಸು, ಎಲ್ಲಿ ಕೂರಬೇಕೆಂದು ನಾನೇ ತೋರಿಸುತ್ತೇನೆ.